ಉಪ್ಪುಗಾಳಿಗೆ ಸಿಕ್ಕ ಎಸಿ: ಯಾವುದನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಮ್ಮ ಮನೆ ಮುಂಬಯಿಯ ವರ್ಸೋವಾದಲ್ಲಿ, ಯಾರಿ ರೋಡಿನ ಹತ್ತಿರ. ಐದನೇ ಮಹಡಿ, ಬೆಡ್‌ರೂಮಿನ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಆ ಕೋಣೆಗೆ 2015ರಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಹಾಕಿಸಿದ್ದೆವು. ಇನ್ವರ್ಟರ್ ಅಲ್ಲ, 3 ಸ್ಟಾರ್, ಆರ್-22 ಗ್ಯಾಸ್. ಎರಡು ವರ್ಷದಲ್ಲಿ ಮೂರು ಸಲ ಗ್ಯಾಸ್ ತುಂಬಿಸಿಯಾಯಿತು. ಈಗ ಕಾಯಿಲ್ ಹೋಗಿದೆ, ಬದಲಿಸಲು 13,500 ರೂ. ಆಗುತ್ತದೆ ಎನ್ನುತ್ತಾರೆ. ಮಗನ ಕೋಣೆಯಲ್ಲಿ 2021ರ ಒಂದು ಟನ್ ಇನ್ವರ್ಟರ್ ಇದೆ, ಆರ್-32 ಗ್ಯಾಸಿನದು. ಅದರ ಹೊರಗಿನ ಯೂನಿಟ್ಟಿನ ಬೋರ್ಡ್ ಸುಟ್ಟಿದೆಯಂತೆ, 9,500 ಕೇಳುತ್ತಿದ್ದಾರೆ. ಅಂಗಡಿಯವರು, "ಸಮುದ್ರದ ಪಕ್ಕ ಎಸಿ ಐದು ವರ್ಷ ಬಂದರೆ ಹೆಚ್ಚು, ಎರಡನ್ನೂ ಬದಲಿಸಿಬಿಡಿ" ಎಂದು ಒಂದೂವರೆ ಟನ್ನಿನ ಹೊಸ 5 ಸ್ಟಾರಿಗೆ 46,000 ಹೇಳಿದ್ದಾರೆ. ಮೇ ತಿಂಗಳಲ್ಲಿ ಒಂದು ತಿಂಗಳು ಕುಂದಾಪುರಕ್ಕೆ ಹೋಗುವವರಿದ್ದೇವೆ. ಅಷ್ಟರೊಳಗೆ ಏನು ತೀರ್ಮಾನ ಮಾಡಲಿ?

ಉತ್ತರ: ಎರಡಕ್ಕೂ ಒಂದೇ ಉತ್ತರ ಇಲ್ಲ. ಮಗನ ಕೋಣೆಯದನ್ನು ರಿಪೇರಿ ಮಾಡಿಸಿ. ಬೆಡ್‌ರೂಮಿನದು ಬಹುಶಃ ಹೋಗಬೇಕಾದದ್ದೇ. ಆದರೆ ಅದನ್ನು ಹೇಳುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ, ಅದನ್ನು ಇಲ್ಲಿಯವರೆಗೆ ಯಾರೂ ನಿಮಗೆ ಮಾಡಿಕೊಟ್ಟಂತೆ ಕಾಣುವುದಿಲ್ಲ.

ಎಸಿಯ ಗ್ಯಾಸ್ ಎಂದರೆ ಸ್ಕೂಟರಿಗೆ ಹಾಕುವ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಇಪ್ಪತ್ತು ವರ್ಷ ಕಳೆದರೂ ತುಂಬಿಸಿದಷ್ಟೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ಮೂರು ಸಲ ಗ್ಯಾಸ್ ತುಂಬಿಸಿದ್ದೀರಿ ಎಂದರೆ ಮೂರು ಸಲವೂ ತೂತು ಹುಡುಕದೆ ಬಿಟ್ಟಿದ್ದಾರೆ. "ಕಾಯಿಲ್ ಹೋಗಿದೆ" ಎನ್ನುವುದೂ ಸಾಲದು. ಯಾವ ಕಾಯಿಲ್? ಗೋಡೆಯ ಮೇಲಿರುವ ಯೂನಿಟ್ಟಿನ ಕೂಲಿಂಗ್ ಕಾಯಿಲೋ, ಹೊರಗಿನ ಕಂಡೆನ್ಸರೋ? ಅದರಲ್ಲಿ ಎಲ್ಲಿ? ಸಮುದ್ರದ ಊರಿನಲ್ಲಿ ಎಸಿಯ ಭವಿಷ್ಯ ನಿಂತಿರುವುದು ಅದರ ವಯಸ್ಸೊಂದರ ಮೇಲಲ್ಲ, ಮುಖ್ಯವಾಗಿ ಲೋಹ ಎಲ್ಲಿ ತಿಂದುಹೋಗಿದೆ ಎಂಬುದರ ಮೇಲೆ.

ಆದ್ದರಿಂದ ಮೊದಲು ನೈಟ್ರೋಜನ್ ಹಾಕಿ ಪ್ರೆಷರ್ ಪರೀಕ್ಷೆ ಮಾಡಿಸಿ. ಉಳಿದಿರುವ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡ ಮೇಲೆ ಒಣ ನೈಟ್ರೋಜನ್ ತುಂಬಬೇಕು: ಆರ್-22 ಎಸಿಗೆ 300 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು, ಆರ್-32 ಎಸಿಗೆ 450ರಷ್ಟು. ಗೇಜಿನ ಫೋಟೋ ತೆಗೆದಿಟ್ಟುಕೊಳ್ಳಿ, ಸಮಯವನ್ನೂ ಬರೆದುಕೊಳ್ಳಿ. ಹದಿನೈದು ನಿಮಿಷ ನೋಡಿ "ಸರಿ ಇದೆ" ಎಂದು ಹೊರಡಲು ಬಿಡಬೇಡಿ. ಸಂಜೆ ತುಂಬಿಸಿ ಬೆಳಿಗ್ಗೆಯವರೆಗೆ ಬಿಡುವುದು ಒಳ್ಳೆಯದು, ಏಕೆಂದರೆ ಉಪ್ಪು ಕೊರೆದ ತೂತು ಸೂಜಿಮೊನೆಗಿಂತ ಸಣ್ಣದಿರುತ್ತದೆ. ರಾತ್ರಿ ಹವೆ 3 ಡಿಗ್ರಿ ತಣ್ಣಗಾದರೆ ಮುಳ್ಳು 3 ಪಿಎಸ್‌ಐ ಇಳಿಯುವುದು ಸಹಜ. 15–20 ಇಳಿದಿದ್ದರೆ ಸೋರಿಕೆ ಖಂಡಿತ. ಆಗ ಸೋಪಿನ ನೊರೆ ಹಚ್ಚಿ ಒಂದೊಂದು ಜಾಗವನ್ನೂ ನೋಡಬೇಕು. ನೊರೆಯಲ್ಲಿ ಸಿಗದಿದ್ದರೆ ಒಳಗಿನ ಯೂನಿಟ್, ನಡುವಿನ ಪೈಪು, ಹೊರಗಿನ ಯೂನಿಟ್ ಮೂರನ್ನೂ ಬಿಡಿಸಿ ಬೇರೆಬೇರೆಯಾಗಿ ಪರೀಕ್ಷಿಸಬೇಕು. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ತಂದರೆ ಅಲ್ಲಿಯೇ ನಿಲ್ಲಿಸಿ. ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಗೆ ತಗುಲಿದರೆ ಸ್ಫೋಟವಾಗುತ್ತದೆ.

ತೂತು ಫ್ಲೇರ್ ನಟ್ಟಿನಲ್ಲಿ ಸಿಕ್ಕರೆ, ಅಂದರೆ ಪೈಪು ಯೂನಿಟ್ಟಿಗೆ ಸೇರುವ ಹಿತ್ತಾಳೆ ನಟ್ಟಿನ ಬಳಿ, ನಿಮ್ಮ ಹಣ ಉಳಿಯಿತು. ಪೈಪಿನ ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿದರೆ ಮುಗಿಯಿತು, ಹನ್ನೊಂದು ವರ್ಷದ ಎಸಿಗೂ ಆ ರಿಪೇರಿ ಮಾಡಿಸಬಹುದು. ಕಾಯಿಲಿನ ಪಕ್ಕದಲ್ಲಿ ಸಾಲಾಗಿ ಕಾಣುವ ಯು ಆಕಾರದ ಬೆಂಡುಗಳಲ್ಲಿ ಸಿಕ್ಕರೂ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಂ ಎಲೆಗಳ ನಡುವೆ ನೊರೆ ಎದ್ದರೆ ಮಾತ್ರ ಆ ಕಾಯಿಲ್ ಮುಗಿಯಿತು. ಎಲೆ ಬಿಡಿಸಿ ಬೆಸುಗೆ ಹಾಕಿಕೊಡುತ್ತೇನೆ ಎನ್ನುವವರಿದ್ದಾರೆ. ಒಪ್ಪಬೇಡಿ. ಒಂದು ತೂತು ಮುಚ್ಚಿದ ಪಕ್ಕದಲ್ಲೇ ಇನ್ನೊಂದು ತಯಾರಾಗುತ್ತಿರುತ್ತದೆ.

ಯಾಕೆ ಹೀಗೆ? ಕಂಡೆನ್ಸರಿನಲ್ಲಿ ಕೊಳವೆ ತಾಮ್ರದ್ದು, ಅದಕ್ಕೆ ಪೋಣಿಸಿದ ಎಲೆಗಳು ಅಲ್ಯೂಮಿನಿಯಂನವು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ದುರ್ಬಲವಾದ ಅಲ್ಯೂಮಿನಿಯಂ ಕರಗುತ್ತದೆ. ಮೊದಲು ಎಲೆಗಳ ಬುಡದಲ್ಲಿ ಬಿಳಿ ಪುಡಿ ಕಾಣುತ್ತದೆ, ಬರಬರುತ್ತಾ ಎಲೆ ಕೊಳವೆಯಿಂದ ಬಿಡಿಸಿಕೊಳ್ಳುತ್ತದೆ. ಆಗ ಗ್ಯಾಸ್ ಪೂರ್ತಿ ಇದ್ದರೂ ಬಿಸಿ ಹೊರಗೆ ಹೋಗುವುದಿಲ್ಲ. ಕಂಪ್ರೆಸರ್ ಏದುಸಿರು ಬಿಡುತ್ತದೆ, ಮಧ್ಯಾಹ್ನದ ಹೊತ್ತು ತಾನಾಗಿ ನಿಲ್ಲುತ್ತದೆ. ಸರ್ವಿಸಿಗೆ ಬಂದ ಹುಡುಗನ ಕೈಗೆ ಹಳೆಯ ಟೂತ್‌ಬ್ರಷ್ ಕೊಟ್ಟು ಹೊರಗಿನ ಯೂನಿಟ್ಟಿನ ಹಿಂಬದಿಯ ಎಲೆಗಳ ಮೇಲೆ ಮೆಲ್ಲಗೆ ಎಳೆಯಲು ಹೇಳಿ, ಮೊಬೈಲಿನಲ್ಲಿ ವಿಡಿಯೋ ತೆಗೆದು ತೋರಿಸಲಿ. ಎಲೆ ಬಾಗಿದರೆ ಜೀವ ಇದೆ. ಸುಟ್ಟ ಹಪ್ಪಳದಂತೆ ಪುಡಿಯಾಗಿ ಉದುರಿದರೆ ಇಲ್ಲ. ನೀವೇ ಕಿಟಕಿಯಿಂದ ಬಾಗಿ ನೋಡಲು ಹೋಗಬೇಡಿ, ಐದನೇ ಮಹಡಿ.

ಇದರಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಮಳೆ ಬೀಳದಂತೆ ಸಜ್ಜಾದ ಕೆಳಗೆ ಇಟ್ಟ ಯೂನಿಟ್ ಹೆಚ್ಚು ಕಾಲ ಬಾಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕಡಲ ಕಿನಾರೆಯಲ್ಲಿ ಹಲವು ಸಲ ಅದು ತಿರುಗುಮುರುಗಾಗುತ್ತದೆ. ಬಯಲಿನಲ್ಲಿರುವ ಯೂನಿಟ್ಟನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ತೊಳೆದುಕೊಡುತ್ತದೆ. ಸಜ್ಜಾದಡಿಯ ಯೂನಿಟ್ಟಿಗೆ ಉಪ್ಪುಗಾಳಿ ಬಡಿಯುತ್ತದೆ, ಮಳೆ ತಾಗುವುದಿಲ್ಲ. ಉಪ್ಪು ಪದರ ಪದರವಾಗಿ ಕೂತು, ರಾತ್ರಿಯ ತೇವ ಹೀರಿ, ಹಗಲು ಒಣಗಿ, ಮತ್ತೆ ತೇವವಾಗುತ್ತಲೇ ಇರುತ್ತದೆ.

ಹೊರಗಿನ ಕಾಯಿಲ್ ಚೆನ್ನಾಗಿದ್ದು ಒಳಗಿನ ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಉಪ್ಪನ್ನು ಬೈಯಬೇಡಿ, ಅದು ಬೇರೆ ಕಾಯಿಲೆ. ನಿಮ್ಮ ಕಡೆ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಮಲಾಡ್ ಖಾಡಿ, ಅಂದರೆ ಸಮುದ್ರ ಒಳಚಾಚಿದ ಹಿನ್ನೀರು. ಖಾಡಿ ಮತ್ತು ನಾಲೆಗಳ ಕೊಳೆತ ಕೆಸರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ, ತಾಮ್ರವನ್ನು ಕಪ್ಪಾಗಿಸಿ ಕೊರೆಯುತ್ತದೆ. ಮೀಠಿ ನದಿಯ ದಂಡೆ, ಮಾಹಿಮ್ ಖಾಡಿ, ಠಾಣೆ ಖಾಡಿಯ ಅಂಚು, ಎಲ್ಲೆಲ್ಲಿ ತೆರೆದ ನಾಲೆಯಿದೆಯೋ ಅಲ್ಲೆಲ್ಲ ಈ ತೊಂದರೆ ಬರಬಹುದು. ಕಂಡುಹಿಡಿಯುವ ದಾರಿ ನಿಮ್ಮ ದೇವರ ಕೋಣೆಯಲ್ಲೇ ಇದೆ. ಬೆಳ್ಳಿ ದೀಪ ಉಜ್ಜಿಟ್ಟ ಹತ್ತು–ಹದಿನೈದು ದಿನಕ್ಕೇ ಕಪ್ಪು ತಿರುಗುತ್ತದೆಯೇ? ಬೆಳ್ಳಿಯನ್ನು ಕಪ್ಪಾಗಿಸುವ ಅನಿಲವೇ ತಾಮ್ರವನ್ನೂ ತಿನ್ನುವುದು. ಇಂಡೋರ್ ಯೂನಿಟ್ಟಿನ ಮುಚ್ಚಳ ತೆಗೆಸಿ ತಾಮ್ರದ ಬೆಂಡುಗಳನ್ನು ನೋಡಿ. ಕಂದು ಬಣ್ಣ ಸಹಜ, ಹಸಿರು ಛಾಯೆ ತೇವದಿಂದ ಬಂದದ್ದು. ಕಾಡಿಗೆಯಂತೆ ಕಪ್ಪಾಗಿದ್ದರೆ ಸಲ್ಫೈಡ್.

ಹಾಗಿದ್ದರೆ ಕಾಯಿಲ್ ಬದಲಿಸುವ ಮೊದಲು ಅನಿಲ ಬರುವ ದಾರಿ ಮುಚ್ಚಬೇಕು. ಇಲ್ಲದಿದ್ದರೆ ಹೊಸ ಕಾಯಿಲೂ, ಹೊಸ ಎಸಿಯೂ ಎರಡೇ ವರ್ಷದಲ್ಲಿ ಅದೇ ಹಾದಿ ಹಿಡಿಯಬಹುದು. ದಾರಿ ಯಾವಾಗಲೂ ಕಿಟಕಿಯೇ ಆಗಿರುವುದಿಲ್ಲ. ಎಸಿಯ ನೀರು ಹೋಗುವ ಪೈಪನ್ನು ಗೋಡೆಯೊಳಗಿಂದ ಒಯ್ದು ಬಾತ್‌ರೂಮಿನ ಗಟಾರದ ಲೈನಿಗೆ ನೇರ ಸೇರಿಸಿರುವ ಮನೆಗಳು ಬಹಳ. ನಡುವೆ ನೀರು ನಿಲ್ಲುವ ಟ್ರ್ಯಾಪ್ ಇಲ್ಲದಿದ್ದರೆ ಗಟಾರದ ಗಾಳಿ ಆ ಪೈಪಿನಲ್ಲೇ ಮೇಲೇರಿ ಸೀದಾ ಕೂಲಿಂಗ್ ಕಾಯಿಲಿಗೆ ಬಂದು ತಾಗುತ್ತದೆ. ಡ್ರೈನ್ ಪೈಪು ಬಯಲಿಗೆ ಬೀಳುವಂತೆ ಮಾಡಿಸಿ, ಅಥವಾ ಬಾತ್‌ರೂಮಿನ ನೆಲದ ಜಾಲರಿಯ ಮೇಲೆ ಎರಡು ಇಂಚು ಎತ್ತರದಲ್ಲಿ ಬಿಡಿಸಿ. ಬಳಸದ ಬಾತ್‌ರೂಮಿದ್ದರೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಜಾಲರಿಗೆ ಸುರಿದು ಟ್ರ್ಯಾಪ್ ಒಣಗದಂತೆ ನೋಡಿಕೊಳ್ಳಿ.

ಈಗ ಹಣದ ಲೆಕ್ಕ. ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿಯ ಸ್ಟಾರ್ ಲೇಬಲಿನ ಮೇಲೆ ಬರೆದ ವಾರ್ಷಿಕ ಕರೆಂಟ್ ಯೂನಿಟ್‌ಗಳು 1,600 ಗಂಟೆಗಳ ಬಳಕೆಗೆ ಸಂಬಂಧಿಸಿದ್ದು, ಅಂದರೆ ರಾತ್ರಿಗೆ 8 ಗಂಟೆಯಂತೆ 200 ರಾತ್ರಿ. ಮುಂಬಯಿಯ ಬೆಡ್‌ರೂಮಿಗೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ಒಂದೂವರೆ ಟನ್ನಿನಲ್ಲಿ ಐಎಸ್‌ಇಇಆರ್ (ಲೇಬಲಿನ ಮೇಲಿನ ದಕ್ಷತೆಯ ಸಂಖ್ಯೆ, ಹೆಚ್ಚಿದ್ದಷ್ಟೂ ಕರೆಂಟ್ ಕಡಿಮೆ) 5 ಇರುವ ಎಸಿ ಅಷ್ಟು ಹೊತ್ತಿಗೆ ಸುಮಾರು 800 ಯೂನಿಟ್ ಸುಡುತ್ತದೆ. ನಿಮ್ಮ ಹಳೆಯದರ ದಕ್ಷತೆ 3.1ರಷ್ಟು ಎಂದು ಹಿಡಿದರೆ ಸುಮಾರು 1,290. ಉಳಿತಾಯ 490 ಯೂನಿಟ್. ಯೂನಿಟ್ಟಿಗೆ 12 ರೂಪಾಯಿ ಹಿಡಿದರೆ ವರ್ಷಕ್ಕೆ 5,880 ರೂ.; ನಿಮ್ಮ ಬಿಲ್ಲಿನ ಕೊನೆಯ ಸ್ಲ್ಯಾಬಿನ ದರ ನೋಡಿ ತಿದ್ದಿಕೊಳ್ಳಿ. 46,000 ರೂಪಾಯಿ ಬರೀ ಕರೆಂಟಿನಲ್ಲಿ ವಾಪಸಾಗಲು ಸುಮಾರು ಎಂಟು ವರ್ಷ ಬೇಕು. ಹಾಗಾಗಿ ಕರೆಂಟ್ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಗಟ್ಟಿಯಾಗಿರುವ ಎಸಿಯನ್ನು ಕಿತ್ತುಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಸಂಗತಿ ಬೇರೆ. 13,500 ಕೊಟ್ಟು ಒಂದು ಕಾಯಿಲ್ ಹಾಕಿಸಿದರೂ ಇನ್ನೊಂದು ಕಾಯಿಲ್, ಕಂಪ್ರೆಸರ್, ಫ್ಯಾನ್ ಮೋಟಾರು, ತಗಡು ಎಲ್ಲ 2015ರವೇ. ಗ್ಯಾಸ್ ಕಡಿಮೆ ಇಟ್ಟುಕೊಂಡು ಎರಡು ವರ್ಷ ಓಡಿದ ಕಂಪ್ರೆಸರ್ ಅದು. ಕಂಪ್ರೆಸರಿನ ಮೋಟಾರು ತಣ್ಣಗಾಗುವುದು ವಾಪಸು ಬರುವ ಗ್ಯಾಸಿನಿಂದಲೇ, ಗ್ಯಾಸ್ ಇಲ್ಲದಿದ್ದಾಗ ಅದು ಬೇಯುತ್ತದೆ. ಮೇಲಾಗಿ ಆರ್-22. ಓಜೋನ್ ಪದರಕ್ಕೆ ಹಾನಿ ಮಾಡುವ ಈ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಿಂತೆಗೆಯುತ್ತಿದ್ದಾರೆ. ಭಾರತದಂಥ ದೇಶಗಳಿಗೆ ಗಡುವು 2030, ಆಮೇಲೆ ಹಳೆಯ ಯಂತ್ರಗಳ ಸರ್ವಿಸಿಗೆ ಅಲ್ಪ ಪ್ರಮಾಣ ಮಾತ್ರ. "ಆರ್-22 ಸಿಗಲಿಲ್ಲ, ಬೇರೆ ಗ್ಯಾಸ್ ಹಾಕಿದ್ದೇನೆ, ನಡೆಯುತ್ತದೆ" ಎಂದರೆ ಕೂಡಲೇ ಎಸಿ ಬಂದ್ ಮಾಡಿ, ಯಾವ ಗ್ಯಾಸ್ ಎಂದು ಕೇಳಿ. ಹತ್ತಿಕೊಳ್ಳುವ ಗ್ಯಾಸಿಗಾಗಿ ಮಾಡಿರದ ಯಂತ್ರಕ್ಕೆ ಅದನ್ನು ತುಂಬುವುದು ಅಪಾಯ. ನನ್ನ ಅಳತೆ ಇದು: ಸಮುದ್ರದ ಎದುರಿನ ಮನೆಯಲ್ಲಿ, ಎಂಟು ವರ್ಷ ದಾಟಿದ ಎಸಿಯ ಎಲೆಗಳ ನಡುವೆ ತೂತು ಸಿಕ್ಕಿ, ರಿಪೇರಿ ಹೊಸದರ ಬೆಲೆಯ ಕಾಲು ಭಾಗ ಮೀರಿದರೆ ಬದಲಿಸಿ. 46,000ದ ಕಾಲು ಭಾಗ 11,500. ನಿಮಗೆ ಕೇಳಿರುವುದು 13,500, ಗ್ಯಾಸ್ ಅದರೊಳಗೆ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ.

ಪರೀಕ್ಷೆಯ ಫಲ ಏನೇ ಬರಲಿ, ಹೊರಗಿನ ಯೂನಿಟ್ ಕೂತಿರುವ ಸ್ಟ್ಯಾಂಡನ್ನು ಈ ವಾರವೇ ನೋಡಿಸಿ. ಇದನ್ನು ತುಂಬ ಕಾಳಜಿಯಿಂದ ಹೇಳುತ್ತಿದ್ದೇನೆ. ಮೂವತ್ತು ಕಿಲೋ ಆಸುಪಾಸಿನ ಯಂತ್ರ, ಕೆಳಗೆ ಮಕ್ಕಳು ಓಡಾಡುವ ಜಾಗ. ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣ ಮೇಲ್ನೋಟಕ್ಕೆ ಬೆಳ್ಳಗೇ ಕಾಣುತ್ತದೆ. ತುಕ್ಕು ಶುರುವಾಗುವುದು ಬೋಲ್ಟ್ ತೂರಿಸಿದ ತೂತಿನ ಅಂಚಿನಲ್ಲಿ ಮತ್ತು ಗೋಡೆಗೆ ಒತ್ತಿರುವ ಹಿಂಬದಿಯಲ್ಲಿ. ಸ್ಕ್ರೂಡ್ರೈವರಿನಿಂದ ಕೆರೆದಾಗ ಪದರ ಪದರವಾಗಿ ಎದ್ದರೆ, ಅಥವಾ ಗೋಡೆಯ ಫಾಸ್ಟನರಿನ ಸುತ್ತ ಕಂದು ನೀರಿಳಿದ ಗೆರೆ, ಪ್ಲಾಸ್ಟರಿನ ಬಿರುಕು ಕಂಡರೆ ಸ್ಟ್ಯಾಂಡ್ ಬದಲಿಸಲೇಬೇಕು. ಸಮುದ್ರದ ಎದುರಿಗೆ 304 ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. 316 ಸಿಕ್ಕರೆ ಇನ್ನೂ ಒಳ್ಳೆಯದು. ಫಾಸ್ಟನರ್, ನಟ್ಟು, ವಾಷರ್ ಕೂಡ ಸ್ಟೇನ್‌ಲೆಸ್ಸೇ ಆಗಿರಲಿ. ಸ್ಟೀಲಿನ ಸ್ಟ್ಯಾಂಡಿಗೆ ಕಬ್ಬಿಣದ ಬೋಲ್ಟ್ ಹಾಕಿದರೆ ಆ ಬೋಲ್ಟೇ ಮೊದಲು ಹೋಗುತ್ತದೆ. ಸೇಫ್ಟಿ ಬೆಲ್ಟ್ ಇಲ್ಲದೆ ಯಾರನ್ನೂ ಕಿಟಕಿಯಾಚೆ ಇಳಿಸಬೇಡಿ. ಈ ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಯಬೇಕು.

ಇನ್ನು ಮಗನ ಕೋಣೆಯದು. ಇನ್ವರ್ಟರ್ ಎಸಿಯ ಹೊರಗಿನ ಬೋರ್ಡ್ ಸುಡುವುದು ಎಸಿಯ ಅಂತ್ಯವಲ್ಲ. ಬೋರ್ಡಿನ ಮೇಲೆ ಕೂತ ಉಪ್ಪು ತೇವ ಹೀರಿದಾಗ ಬೋರ್ಡಿನ ತಾಮ್ರದ ಒಂದು ಗೆರೆಯಿಂದ ಇನ್ನೊಂದಕ್ಕೆ ಕರೆಂಟ್ ಹಾರುತ್ತದೆ. ಎಷ್ಟೋ ಸಲ ಬೆಚ್ಚಗಿರುವ ಜಾಗ ಹುಡುಕಿಕೊಂಡು ಬಂದ ಹಲ್ಲಿ ಎರಡು ಗೆರೆಗಳ ನಡುವೆ ಸತ್ತಿರುತ್ತದೆ. ಮೊದಲು ವಾರಂಟಿ ಕಾರ್ಡ್ ತೆಗೆದು ನೋಡಿ. ಕಂಪ್ರೆಸರಿಗೆ ಹತ್ತು ವರ್ಷ, ಬೋರ್ಡಿಗೆ ಐದು ವರ್ಷ ಕೊಟ್ಟ ಮಾದರಿಗಳಿವೆ, ಕೊಂಡ ತಿಂಗಳೂ ಮುಖ್ಯ. ವಾರಂಟಿ ಮುಗಿದಿದ್ದರೆ ಹೊಸ ಬೋರ್ಡಿಗೆ ಮುಂಚೆ ಹಳೆಯದನ್ನೇ ಬೋರ್ಡ್ ರಿಪೇರಿ ಮಾಡುವವರಿಗೆ ತೋರಿಸಿ. ಹಲವು ಸಲ ಹೋಗಿರುವುದು ಒಂದು ಪವರ್ ಮಾಡ್ಯೂಲ್, ಕೆಪಾಸಿಟರ್ ಅಥವಾ ರಿಲೇ ಮಾತ್ರ.

ಹೊಸ ಬೋರ್ಡೇ ಹಾಕುವುದಾದರೂ ಜೋಡಿಸುವ ಮೊದಲು ಕಂಪ್ರೆಸರಿನ ವೈರು ಬಿಡಿಸಿ ಅಳೆಯಬೇಕು. ಮೂರು ಟರ್ಮಿನಲ್‌ಗಳಲ್ಲಿ ಎರಡೆರಡರ ನಡುವಿನ ರೆಸಿಸ್ಟೆನ್ಸ್ ಮೂರೂ ಸಲ ಒಂದೇ ಬರಬೇಕು, ಅರ್ಥಿಂಗ್‌ಗೆ ಮೆಗ್ಗರ್ (ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರು) ಹಿಡಿದರೆ ಕನಿಷ್ಠ 2 ಮೆಗಾಓಮ್ ತೋರಿಸಬೇಕು. ಇದನ್ನು ನೋಡದೆ ಹಾಕಿದರೆ, ಶಾರ್ಟ್ ಆದ ಕಂಪ್ರೆಸರ್ ನಿಮ್ಮ 9,500 ರೂಪಾಯಿಯ ಬೋರ್ಡನ್ನು ಸ್ವಿಚ್ ಹಾಕಿದ ಕ್ಷಣದಲ್ಲೇ ಸುಡುತ್ತದೆ. ಪವರ್ ಮಾಡ್ಯೂಲಿನ ಬೆನ್ನಿಗೆ ಬಿಸಿ ಹೊರಸಾಗಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಲಿ. ಬೋರ್ಡಿನ ಅಡಿಭಾಗಕ್ಕೆ ತೇವ ತಡೆಯುವ ಅಕ್ರಿಲಿಕ್ ಲೇಪ ಬಳಿಸಿ, ಕನೆಕ್ಟರುಗಳಿಗೆ ತಾಗದಂತೆ. ವೈರು ಒಳಹೋಗುವ ತೂತುಗಳಿಗೆ ರಬ್ಬರ್ ಬುಷ್ ಹಾಕಿಸಿದರೆ ಹಲ್ಲಿ ಬರುವುದು ನಿಲ್ಲುತ್ತದೆ. ಮೇನ್ ಆಫ್ ಮಾಡಿದ ಮೇಲೂ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರುತ್ತದೆ. ಹತ್ತು ನಿಮಿಷ ಕಾದು, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಬೇಕು. ಈ ಎಸಿಗೂ ಟೂತ್‌ಬ್ರಷ್ ಪರೀಕ್ಷೆ ಮಾಡಿಸಿ. ಎಲೆಗಳು ಉದುರುತ್ತಿದ್ದರೆ ಮಾತ್ರ ನನ್ನ ಮಾತು ಬದಲಾಗುತ್ತದೆ.

ರಿಪೇರಿ ಆದ ಮೇಲೆ ಎಸಿ ಸರಿಯಾಗಿದೆಯೋ ಎಂದು ನೀವೇ ನೋಡಬಹುದು. ರಿಮೋಟಿನಲ್ಲಿ 18 ಡಿಗ್ರಿ, ಫ್ಯಾನ್ ಜೋರು, ಅರ್ಧ ಗಂಟೆ ಓಡಿಸಿ ಒಳಹೋಗುವ ಗಾಳಿ ಮತ್ತು ಹೊರಬರುವ ಗಾಳಿಯ ಉಷ್ಣತೆ ಅಳೆಯಿರಿ. ಡಿಸೆಂಬರ್–ಜನವರಿಯ ಒಣ ಹವೆಯಲ್ಲಿ ವ್ಯತ್ಯಾಸ 11–12 ಡಿಗ್ರಿ ಬರಬಹುದು. ಜುಲೈನಲ್ಲಿ 8 ಬಂದರೆ ಗಾಬರಿ ಬೇಡ, ಎಸಿಯ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸುವುದಕ್ಕೆ ಹೋಗಿರುತ್ತದೆ. ಇದನ್ನರಿಯದೆ ಮಳೆಗಾಲದಲ್ಲಿ "ಗ್ಯಾಸ್ ಕಡಿಮೆ" ಎಂದು ತುಂಬಿಸಿಬಿಡುತ್ತಾರೆ. ಮಳೆಗಾಲದಲ್ಲಿ ಬಕೆಟ್ ಹೆಚ್ಚು ನಂಬಿಕಸ್ಥ. ಒಂದೂವರೆ ಟನ್ನಿನ ಎಸಿ ಜೋರಾಗಿ ಓಡುವಾಗ ಡ್ರೈನ್ ಪೈಪಿನಿಂದ ಗಂಟೆಗೆ ಒಂದರಿಂದ ಎರಡು ಲೀಟರ್ ನೀರು ಬರಬೇಕು. ಪೈಪು ಕಟ್ಟಿಲ್ಲದೆಯೂ ಅರ್ಧ ಲೀಟರಿಗೆ ಇಳಿದಿದ್ದರೆ, ಹೊರಗಿನ ಸಣ್ಣ ಪೈಪಿನ ಮೇಲೆ ಮಂಜು ಕಟ್ಟಿದ್ದರೆ, ಆಗ ಗ್ಯಾಸ್ ಸೋರಿದೆ.

ಬೆಡ್‌ರೂಮಿಗೆ ಹೊಸದು ಕೊಳ್ಳುವುದಾದರೆ ಸ್ಟಾರ್ ಎಣಿಸಬೇಡಿ, ಐಎಸ್‌ಇಇಆರ್ ಸಂಖ್ಯೆ ಓದಿ. ಸ್ಟಾರಿನ ಮಾನದಂಡ ಆಗಾಗ ಬಿಗಿಯಾಗುತ್ತದೆ: 2018ರಲ್ಲಿ 5 ಸ್ಟಾರಿಗೆ 4.5 ಸಾಕಿತ್ತು, 2022ರ ಜುಲೈನಿಂದ 5.0 ಬೇಕಾಯಿತು. ರಾತ್ರಿಯಿಡೀ ಓಡುವ ಕೋಣೆಗೆ 5 ಸ್ಟಾರ್ ಸಾರ್ಥಕ. ನೆಂಟರು ಬಂದಾಗ ಮಾತ್ರ ಹಾಕುವ ಕೋಣೆಗೆ 3 ಸ್ಟಾರೇ ಸಾಕು, ಬೆಲೆಯ ವ್ಯತ್ಯಾಸ ವಾಪಸಾಗುವ ಮೊದಲೇ ಉಪ್ಪು ತನ್ನ ಕೆಲಸ ಮುಗಿಸಿರುತ್ತದೆ. ಎರಡೂ ಕಾಯಿಲುಗಳಿಗೆ ತುಕ್ಕುನಿರೋಧಕ ಲೇಪ ಇದೆಯೇ ಕೇಳಿ. ವಾರಂಟಿಯ ಸಣ್ಣಕ್ಷರದಲ್ಲಿ "ಸಮುದ್ರದ ಗಾಳಿ, ಗಟಾರದ ಅನಿಲದಿಂದಾದ ಹಾನಿಗೆ ಅನ್ವಯಿಸದು" ಎಂಬರ್ಥದ ಸಾಲು ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಓದಿ.

ಗೋಡೆಯೊಳಗೆ ಹುದುಗಿಸಿದ ಹಳೆಯ ತಾಮ್ರದ ಪೈಪನ್ನೇ ಹೊಸ ಎಸಿಗೆ ಬಳಸುತ್ತೇವೆ ಎನ್ನುತ್ತಾರೆ. ಆರ್-22 ಪೈಪಿನೊಳಗಿನ ಖನಿಜ ಎಣ್ಣೆ ಆರ್-32 ಎಸಿಯ ಎಣ್ಣೆಗೆ ಹೊಂದುವುದಿಲ್ಲ, ಆರ್-32ರ ಒತ್ತಡವೂ ಹೆಚ್ಚು. ಹೊಸ ಪೈಪು ಉತ್ತಮ. ಗೋಡೆ ಒಡೆಯಲು ಆಗುವುದೇ ಇಲ್ಲವೆಂದಾದರೆ ಒಳಗೆ ಪೂರ್ತಿ ಫ್ಲಷ್ ಮಾಡಿ, ಅಳತೆ ಹೊಂದುತ್ತದೆಯೇ ನೋಡಿ, ನೈಟ್ರೋಜನ್ ಪರೀಕ್ಷೆ ಮಾಡಿಸಿ. ಆಮೇಲೆ ವ್ಯಾಕ್ಯೂಮ್ ಪಂಪು ಕನಿಷ್ಠ ಅರ್ಧ ಗಂಟೆ ಓಡಬೇಕು. ಗ್ಯಾಸನ್ನೇ ಬಿಟ್ಟು ಪೈಪಿನ ಗಾಳಿ ಹೊರದಬ್ಬುವುದು ಕಳ್ಳದಾರಿ. ಆರ್-32 ತುಂಬಿಸಬೇಕಾದರೆ ತೂಕದ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಯೂನಿಟ್ಟಿನ ಸ್ಟಿಕರಿನಲ್ಲಿ ಬರೆದಷ್ಟು ಗ್ರಾಂ ಹಾಕಬೇಕು. ಗೇಜ್ ನೋಡಿ ಅಂದಾಜಿನಲ್ಲಿ ಹಾಕುವುದಲ್ಲ.

ಉಳಿದದ್ದು ತೊಳೆಯುವ ವಿಚಾರ. ಅಕ್ಟೋಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ, ಸಜ್ಜಾದಡಿ ಇರುವುದಾದರೆ ಮಳೆಗಾಲದಲ್ಲೂ, ಹೊರಗಿನ ಕಾಯಿಲಿನ ಮೇಲೆ ಸಾದಾ ನೀರನ್ನು ಮೆಲ್ಲಗೆ ಹರಿಸಬೇಕು. ಜೆಟ್ ಪಂಪು ಹತ್ತಿರ ಹಿಡಿದರೆ ಎಲೆಗಳು ಮಡಚಿಕೊಳ್ಳುತ್ತವೆ, ಆಸಿಡ್ ಹಾಕಿದರೆ ಲೇಪವೇ ಹೋಗುತ್ತದೆ. ನಲ್ಲಿಯಲ್ಲಿ ಬರುವುದು ಮುನಿಸಿಪಾಲಿಟಿ ನೀರೇ ಎಂದು ಖಚಿತ ಮಾಡಿಕೊಳ್ಳಿ. ಬೋರ್‌ವೆಲ್ ಅಥವಾ ಟ್ಯಾಂಕರಿನ ಸವಳು ನೀರಲ್ಲಿ ತೊಳೆಯುವುದೆಂದರೆ ಉಪ್ಪನ್ನು ನಾವೇ ಹಚ್ಚಿದಂತೆ.

ಕುಂದಾಪುರಕ್ಕೆ ಹೊರಡುವ ಹಿಂದಿನ ದಿನ ಹೊರಗಿನ ಯೂನಿಟ್ ತೊಳೆಸಿ. ಹೊರಡುವ ದಿನ ಒಂದು ಗಂಟೆ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ ಒಳಗಿನ ಕಾಯಿಲ್ ಒಣಗಿಸಿ, ಆಮೇಲೆ ಎಂಸಿಬಿ ಇಳಿಸಿ. ಹೊರಗಿನ ಯೂನಿಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಬೇಡಿ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬಾತ್‌ರೂಮಿನ ಜಾಲರಿಗಳಿಗೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಸುರಿದು ಹೋಗಿ. ನೀರು ಬೇಗ ಆವಿಯಾಗುವುದಿಲ್ಲ, ನೀವು ವಾಪಸು ಬರುವವರೆಗೆ ಗಟಾರದ ಗಾಳಿ ಕಾಯಿಲಿನವರೆಗೆ ಏರುವುದಿಲ್ಲ.